ಕೊಟ್ಟಿಗೆಯ ಮೂಲೆಯ ಹಳೆಯ ಕಾರು: ಗುಜರಿಗೋ, ರಸ್ತೆಗೋ?



ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ, ಸಾಲದ ಬಡ್ಡಿ ಇವುಗಳ ವಿಚಾರವನ್ನೇ ಈ ಪುಟಗಳಲ್ಲಿ ಓದಿ ರೂಢಿಯಾದ ತಮಗೆ, ನಾವು ಹಳೆಯ ಮೋಟಾರು ಕಾರಿನ ವಿಚಾರ ಬರೆಯಹೊರಟಿರುವುದು ವಿಚಿತ್ರವೆನಿಸಬಹುದು. ಕಾರಣವಿಲ್ಲದೆ ಬರೆಯುತ್ತಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಭಾಗದ ತೋಟದ ಮನೆಗಳಿಗೆ ‘ಹಳೇ ಗಾಡಿ ಏನಾದರೂ ಇದೆಯೇ?’ ಎಂದು ಕೇಳಿಕೊಂಡು ದಲ್ಲಾಳಿಗಳು ಬರುತ್ತಿದ್ದಾರೆ. ಗೊಬ್ಬರದ ಕೊಟ್ಟಿಗೆಯಲ್ಲಿ, ಕಾಫಿ ಗೋದಾಮಿನ ಹಿಂಬದಿಯಲ್ಲಿ, ಸೋಗೆ ಮಾಡಿನ ಕೆಳಗೆ ನಿಂತುಹೋದ ವಾಹನಗಳನ್ನು ಅವರು ತೂಕದ ಲೆಕ್ಕದಲ್ಲಿ ಕೊಂಡು ಹೋಗುತ್ತಾರೆ. ಇನ್ನೊಂದು ಕಡೆ, 2024 ಮತ್ತು 2025ರಲ್ಲಿ ಕಾಫಿಗೆ ಹಿಂದೆ ಕಾಣದ ಧಾರಣೆ ಬಂದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಕಂಡ ಕೆಲವರು ಅಂಥ ವಾಹನವನ್ನು ಲಾರಿಗೆ ಹೇರಿ ನಗರದ ಗ್ಯಾರೇಜಿಗೆ ಕಳಿಸಿ, ‘ಹೊಸದರಂತೆ ಮಾಡಿಕೊಡಿ’ ಎಂದು ಹೇಳಿ ಬರುತ್ತಿದ್ದಾರೆ. ಎರಡೂ ದಾರಿಗಳಲ್ಲಿ ಕಾರು ಕಳೆದುಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಮೂರನೆಯ ದಾರಿಯೊಂದಿದೆ. ನಮ್ಮ ಕೊಟ್ಟಿಗೆಯಲ್ಲೇ, ನಮ್ಮ ಊರಿನ ಕೈಕಸಬಿನವರ ನೆರವಿನಿಂದ, ತೋಟದ ಆದಾಯಕ್ಕೆ ಕೈ ಹಚ್ಚದೆ, ನಿಧಾನವಾಗಿ ಅದನ್ನು ಮೊದಲಿದ್ದಂತೆ ಎತ್ತಿ ನಿಲ್ಲಿಸುವುದೇ ಆ ದಾರಿ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಕಾರನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. ನಮ್ಮ ತಂದೆಯವರು 1962ರಲ್ಲಿ, ಸೀಮೆಗೆ ಹಿಂದಿರುಗುತ್ತಿದ್ದ ಒಬ್ಬ ಇಂಗ್ಲಿಷ್ ಪ್ಲಾಂಟರರಿಂದ ಕೊಂಡಿದ್ದ ಎಂ.ಜಿ. ಟಿ.ಡಿ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಹುಕಾಲ ನಮ್ಮ ಕೊಟ್ಟಿಗೆಯಲ್ಲಿ ನಿಂತಿತ್ತು. ಆರು ವರ್ಷಗಳ ಬಿಡುವಿನ ವೇಳೆಯಲ್ಲಿ ಅದನ್ನು ಮತ್ತೆ ಓಡುವಂತೆ ಮಾಡಿದ್ದೇವೆ. ಕೆಳಗೆ ಬರೆದಿರುವುದೆಲ್ಲ ಆ ಕೆಲಸದಲ್ಲಿ ಕೈಗೆ ಬಂದ ತಿಳಿವಳಿಕೆ.

ಈ ಕಾರಿನ ಪೂರ್ವೋತ್ತರ

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳನ್ನು ಮಾರುತ್ತಿದ್ದ ಆ ಮಳಿಗೆಯ ವ್ಯವಸ್ಥಾಪಕ ಸೆಸಿಲ್ ಕಿಂಬರ್ ಎಂಬಾತ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಬೇರೆ ಮೈಕಟ್ಟು ಹೊಂದಿಸಿ ಮಾರತೊಡಗಿದ. 1929ರಿಂದ ಅಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆ ನಡೆಯಿತು; 1980ರಲ್ಲಿ ಅದು ಮುಚ್ಚಿತು. ಈಗ ನಮ್ಮ ರಸ್ತೆಗಳಲ್ಲಿ ಓಡುವ, ಗುಜರಾತಿನ ಹಾಲೋಲಿನಲ್ಲಿ ತಯಾರಾಗುವ ಎಂ.ಜಿ. ವಾಹನಗಳಿಗೂ ಅದಕ್ಕೂ ಹೆಸರೊಂದೇ ಸಂಬಂಧ.

ಟಿ.ಡಿ. ಮಾದರಿ 1949ರ ಕೊನೆಯಿಂದ 1953ರವರೆಗೆ ತಯಾರಾಯಿತು. ಒಟ್ಟು 29,664 ಕಾರುಗಳು ಹೊರಬಂದವು. ಬಹುಪಾಲು ಅಮೆರಿಕಕ್ಕೆ ಹೋದವು. ನಾಲ್ಕು ಸಿಲಿಂಡರಿನ 1250 ಸಿ.ಸಿ. ಇಂಜಿನು, ಎರಡು ಎಸ್.ಯು. ಕಾರ್ಬುರೇಟರುಗಳು, ಸುಮಾರು 54 ಕುದುರೆ ಶಕ್ತಿ. ಇಂದಿನ ಸಾಧಾರಣ ಮನೆಕಾರಿಗೂ ಇದಕ್ಕಿಂತ ಹೆಚ್ಚು ಬಲವಿರುತ್ತದೆ. ಆದರೆ ಈ ಕಾರಿನಲ್ಲಿ ಗುಟ್ಟಾದ ಭಾಗ ಒಂದೂ ಇಲ್ಲ. ಬಾನೆಟ್ ತೆರೆದರೆ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಪವರ್ ಸ್ಪ್ರೇಯರಿನ ಕಾರ್ಬುರೇಟರನ್ನು ಬಿಚ್ಚಿ ತೊಳೆದು ಕೂಡಿಸಬಲ್ಲ, ಪಲ್ಪರಿನ ಇಂಜಿನಿಗೆ ವಾಲ್ವ್ ಅರೆಯಬಲ್ಲ ಬೆಳೆಗಾರನಿಗೆ ಇದು ಅರ್ಥವಾಗದ ಯಂತ್ರವಲ್ಲ. ಮನೆಯ ಕೊಟ್ಟಿಗೆಯಲ್ಲೇ ಈ ಕೆಲಸ ಸಾಧ್ಯ ಎಂದು ನಾವು ಹೇಳಲು ಇದೇ ಮೊದಲ ಕಾರಣ.

ನಮ್ಮ ಕೊಟ್ಟಿಗೆಯೇ ಶತ್ರು

ನಿಂತ ಕಾರು ಹಾಗೆಯೇ ಇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಓಡುವ ಕಾರಿಗಿಂತ ನಿಂತ ಕಾರು ಬೇಗ ಸಾಯುತ್ತದೆ. ಅದರಲ್ಲೂ ನಮ್ಮ ಕೊಟ್ಟಿಗೆಗಳು ಕಬ್ಬಿಣಕ್ಕೆ ವಿಷ. ಪೊಟ್ಯಾಷ್, ಅಮೋನಿಯಂ ಸಲ್ಫೇಟ್ ಮುಂತಾದ ರಸಗೊಬ್ಬರಗಳು ಮಳೆಗಾಲದ ಗಾಳಿಯ ತೇವವನ್ನು ಹೀರಿ ಅಕ್ಕಪಕ್ಕದ ತಗಡನ್ನು ತಿನ್ನುತ್ತವೆ. ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತದ ಪುಡಿ ಒದ್ದೆಯಾಗಿ ಅಲ್ಯೂಮಿನಿಯಮ್ಮಿಗೂ ಕಬ್ಬಿಣಕ್ಕೂ ತಗಲಿದರೆ ಅಲ್ಲಿ ಗುಳಿ ಬೀಳುತ್ತದೆ. ಇಲಿಗಳು ಸೀಟಿನೊಳಗೆ ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ ಗೆದ್ದಲು. ಟಿ.ಡಿ. ಕಾರಿನ ಚಾಸಿ ಉಕ್ಕಿನದಾದರೂ ಮೈಯ ಒಳಗಟ್ಟು ಮರದ್ದು. ಆಷ್ ಎಂಬ ಇಂಗ್ಲೆಂಡಿನ ಮರದ ಚೌಕಟ್ಟು ಕಟ್ಟಿ ಅದಕ್ಕೆ ತಗಡು ಹೊದಿಸಿರುತ್ತಾರೆ. ಹೊರಗೆ ತಗಡು ಸರಿಯಾಗಿಯೇ ಕಂಡು, ಬಾಗಿಲು ಎಳೆದಾಗ ಕೀಲು ಕಂಬವೇ ಕೈಗೆ ಬರುವುದುಂಟು.

ಆದ್ದರಿಂದ ಕಾರನ್ನು ಸರಿಪಡಿಸುವ ಯೋಚನೆ ಇರಲಿ, ಇಲ್ಲದಿರಲಿ, ಈ ವಾರವೇ ಮಾಡಬೇಕಾದ ಕೆಲಸವೊಂದಿದೆ. ಗೊಬ್ಬರ ಮತ್ತು ಮೈಲುತುತ್ತವನ್ನು ಬೇರೆ ಕಡೆಗೆ ಸಾಗಿಸಿ. ಕಾರನ್ನು ನೆಲದಿಂದ ಎತ್ತಿ ಗಟ್ಟಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ. ಗಾಳಿಯಾಡದ ಟಾರ್ಪಾಲನ್ನು ಕಿತ್ತು ಹಳೆಯ ಹತ್ತಿಬಟ್ಟೆ ಹೊದಿಸಿ. ಇದಕ್ಕೆ ಒಂದು ಆಳಿನ ಅರ್ಧ ದಿನದ ಕೂಲಿಗಿಂತ ಹೆಚ್ಚು ಖರ್ಚಿಲ್ಲ.

ಕೆಲಸದ ಕ್ರಮ

ಕಾರು ಸರಿಪಡಿಸಹೊರಟವರು ಸಾಮಾನ್ಯವಾಗಿ ಮೊದಲ ಉತ್ಸಾಹದಲ್ಲಿ ಒಂದೇ ಭಾನುವಾರ ಎಲ್ಲವನ್ನೂ ಬಿಚ್ಚಿ ಹಾಕುತ್ತಾರೆ. ಬಿಚ್ಚುವುದು ಸುಲಭ, ಮೂರು ವರ್ಷಗಳ ಮೇಲೆ ಯಾವ ಬೋಲ್ಟು ಎಲ್ಲಿಯದೆಂದು ಹೇಳುವುದು ಕಷ್ಟ. ದಲ್ಲಾಳಿಗೆ ಅಗ್ಗಕ್ಕೆ ಸಿಗುವುದು ಇಂಥ ಬಿಚ್ಚಿಟ್ಟ ಕಾರುಗಳೇ. ಒಂದು ಭಾಗ ಬಿಚ್ಚಿ, ಫೋಟೋ ತೆಗೆದು, ಚೀಟಿ ಕಟ್ಟಿ, ಡಬ್ಬದಲ್ಲಿಟ್ಟು, ಅದನ್ನು ಸರಿಪಡಿಸಿ ಮುಗಿಸಿದ ಮೇಲೆ ಮಾತ್ರ ಮುಂದಿನದಕ್ಕೆ ಕೈ ಹಾಕಬೇಕು. ಕೊಳೆತ ಮರದ ತುಂಡನ್ನೂ ಎಸೆಯಬಾರದು. ಹೊಸ ತುಂಡು ಕೊಯ್ಯಲು ಆಚಾರಿಗೆ ಅದೇ ಅಳತೆಗೋಲು.

ಕೆಲಸದ ಕ್ರಮ ನಮ್ಮ ಮಟ್ಟಿಗೆ ಹೀಗೆ: ಮೊದಲು ಕಾಗದಪತ್ರ, ಆಮೇಲೆ ಚಾಸಿ ಮತ್ತು ಮರ, ಆಮೇಲೆ ಇಂಜಿನು, ಆಮೇಲೆ ಬ್ರೇಕು ಮತ್ತು ಸ್ಟಿಯರಿಂಗು, ಆಮೇಲೆ ವೈರಿಂಗು, ಕೊಟ್ಟ ಕೊನೆಗೆ ಬಣ್ಣ. ಬಣ್ಣದಿಂದ ಆರಂಭಿಸಿದವರು ಇಂಜಿನಿಗೆ ಬರುವಷ್ಟರಲ್ಲಿ ಹಣವೂ ಮುಗಿದಿರುತ್ತದೆ, ಆಸಕ್ತಿಯೂ ಮುಗಿದಿರುತ್ತದೆ.

ನಿಂತ ಇಂಜಿನು ಹಿಡಿದುಕೊಂಡಿದ್ದರೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದಾಗಲಿ, ಜೀಪಿಗೆ ಕಟ್ಟಿ ಎಳೆಯುವುದಾಗಲಿ ಕೂಡದು. ಪ್ಲಗ್ಗುಗಳನ್ನು ತೆಗೆದು ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ತೆಳು ಎಣ್ಣೆ ಸುರಿದು ವಾರಗಟ್ಟಲೆ ಬಿಡಬೇಕು. ಆಮೇಲೆ ಕೈಯಿಂದ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ತಿರುಗಿತೆಂದು ಕೂಡಲೇ ಸ್ಟಾರ್ಟ್ ಮಾಡಬಾರದು. ಆಯಿಲ್ ಚೇಂಬರು ಬಿಚ್ಚಿ ತಳದ ರಾಡಿ ತೆಗೆದು, ಹೊಸ ಎಣ್ಣೆ ಹಾಕಬೇಕು. ಈ ಇಂಜಿನಿನ ಎಣ್ಣೆ ಪಂಪು ಒಮ್ಮೆ ಒಣಗಿದರೆ ತಾನಾಗಿ ಎಣ್ಣೆ ಎಳೆಯುವುದಿಲ್ಲ. ಬಾವಿಯ ಪಂಪಿಗೆ ನೀರು ತುಂಬುವಂತೆ ಅದಕ್ಕೂ ಎಣ್ಣೆ ತುಂಬಿ, ಪ್ಲಗ್ಗುಗಳಿಲ್ಲದೆ ತಿರುಗಿಸಿ, ಎಣ್ಣೆಯ ಒತ್ತಡದ ಮುಳ್ಳು ಏಳುವುದನ್ನು ಕಂಡ ಮೇಲೆಯೇ ಪೆಟ್ರೋಲು ಕೊಡಬೇಕು.

ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ನೀರನ್ನು ಹೀರುತ್ತದೆ. ಪೆಟ್ರೋಲು ಹರಿಯುವ ಎಲ್ಲ ಕೊಳವೆಗಳನ್ನೂ ಎಥೆನಾಲ್ ತಡೆಯುವ ಹೊಸ ಬಗೆಯವಕ್ಕೆ ಬದಲಿಸಬೇಕು. ಕಾರು ನಿಲ್ಲಿಸುವ ತಿಂಗಳುಗಳಲ್ಲಿ ಟ್ಯಾಂಕಿಯಲ್ಲಿ ಪೆಟ್ರೋಲು ಉಳಿಸಬಾರದು.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಈ ಕಾರಿನ ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು, ಹಿಂದಿನ ಒಂದೊಂದಕ್ಕೆ ಒಂದೊಂದು ಸಿಲಿಂಡರುಗಳಿವೆ. ತುಳಿಗೆಯ ಬಳಿ ಮಾಸ್ಟರ್ ಸಿಲಿಂಡರು ಬೇರೆ. ನೋಡಲು ಚೆನ್ನಾಗಿದೆಯೆಂದು ಒಂದನ್ನೂ ಹಳೆಯ ರಬ್ಬರಿನಲ್ಲಿ ಬಿಡುವಂತಿಲ್ಲ. ಈ ರಬ್ಬರುಗಳೂ ಗ್ಯಾಸ್ಕೆಟ್ಟುಗಳೂ ಈಗಲೂ ಇಂಗ್ಲೆಂಡಿನಲ್ಲಿ ಹೊಸದಾಗಿ ತಯಾರಾಗುತ್ತವೆ. ಸುಂಕ ಕಟ್ಟಿ ತರಿಸಬಹುದು. ಆ ಕಾಲದ ಬ್ರೇಕು ಮತ್ತು ಕ್ಲಚ್ಚಿನ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಂದಲಾಗಲಿ ಗಾಳಿ ಪಂಪಿನಿಂದಲಾಗಲಿ ಊದದೆ, ಮೂಗಿಗೆ ಮುಸುಕು ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಇಟ್ಟಿಗೆಯ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗಬಾರದು. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಹಚ್ಚಬಾರದು. ಖಾಲಿ ಟ್ಯಾಂಕಿಯ ಹೊಗೆಯೇ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಇನ್ನು ಪಾನಾದ ಸಮಸ್ಯೆ. ಈ ಇಂಜಿನಿನ ಬೋಲ್ಟುಗಳ ತಲೆಗೆ ಇಂಗ್ಲಿಷ್ ವಿಟ್‌ವರ್ತ್ ಪಾನಾ ಬೇಕು, ಆದರೆ ಮರೆ ಮೆಟ್ರಿಕ್ ಅಳತೆಯದು. ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಕೊವೆಂಟ್ರಿಯಲ್ಲಿ ನಡೆಸುತ್ತಿದ್ದ ಇಂಜಿನು ಕಾರ್ಖಾನೆಯನ್ನು ಮಾರಿಸ್ ಸಂಸ್ಥೆ 1923ರಲ್ಲಿ ಕೊಂಡಿತು. ಅಲ್ಲಿದ್ದ ಯಂತ್ರಗಳೆಲ್ಲ ಮೆಟ್ರಿಕ್ ಅಳತೆಯವಾದ್ದರಿಂದ ಮರೆಗಳು ಹಾಗೆಯೇ ಉಳಿದವು. ದೇಶದ ಮೆಕ್ಯಾನಿಕ್ಕುಗಳ ಕೈಯಲ್ಲಿದ್ದ ಪಾನಾಕ್ಕೆ ಹೊಂದುವಂತೆ ತಲೆಗಳನ್ನು ಮಾತ್ರ ವಿಟ್‌ವರ್ತ್ ಮಾಡಿದರು. ಇದನ್ನರಿಯದ ಮೆಕ್ಯಾನಿಕ್ಕು ತನ್ನಲ್ಲಿದ್ದ ಬೋಲ್ಟನ್ನು ಒತ್ತಿ ತಿರುಗಿಸಿದರೆ ಬ್ಲಾಕಿನ ಮರೆಯೇ ಹೋಗುತ್ತದೆ. ಬ್ಯಾಟರಿಯ ಸಂಬಂಧವೂ ಹಾಗೆಯೇ ತಿರುವುಮುರುವು. ಇಂದಿನ ವಾಹನಗಳಲ್ಲಿ ಮೈನಸ್ ತುದಿ ಬಾಡಿಗೆ ಸೇರಿದರೆ, ಇದರಲ್ಲಿ ಪ್ಲಸ್ ತುದಿ ಸೇರುತ್ತದೆ. ಕಾರಿನ ಕೈಪಿಡಿಯನ್ನು ಓದದೆ ಪಾನಾ ಎತ್ತಬಾರದೆನ್ನುವುದು ಇದಕ್ಕೇ.

ಕಾಲವನ್ನೂ ನೋಡಿ ಕೆಲಸ ಹಂಚಿಕೊಳ್ಳಬೇಕು. ಔಷಧಿ ಸಿಂಪಡಣೆ ಮುಗಿಸಿ ಮಳೆ ಹಿಡಿದು ಕೂತ ದಿನಗಳು ಇಂಜಿನು, ಗೇರು ಪೆಟ್ಟಿಗೆ, ಕಾರ್ಬುರೇಟರುಗಳಿಗೆ ತಕ್ಕವು. ಮರಗೆಲಸವನ್ನೂ ಬಣ್ಣವನ್ನೂ ಕೊಯ್ಲು ಮುಗಿದ ಮೇಲಿನ ಒಣ ತಿಂಗಳುಗಳಿಗೇ ಇಟ್ಟುಕೊಳ್ಳಬೇಕು. ಆಷಾಢದಲ್ಲಿ ಕೂಡಿಸಿದ ಮರ ಫಾಲ್ಗುಣದಲ್ಲಿ ಬಿರಿಯುತ್ತದೆ. ಆಷಾಢದಲ್ಲಿ ಹೊಡೆದ ಬಣ್ಣದಡಿ ತೇವ ಕೂತು ಗುಳ್ಳೆ ಏಳುತ್ತದೆ. ಆಷ್ ಮರ ನಮ್ಮಲ್ಲಿಲ್ಲ. ನಮ್ಮ ಊರಿನ ಆಚಾರಿ ಚೆನ್ನಾಗಿ ಹದವಾದ ಸಾಗುವಾನಿಯನ್ನು ಬಳಸಿ, ಕೂಡಿಸುವ ಮೊದಲು ಪ್ರತಿ ತುಂಡಿಗೂ ಗೆದ್ದಲು ಔಷಧಿ ಹಚ್ಚಿದರು. ತೋಟದಲ್ಲಿ ಬೇಕಾದಷ್ಟಿದೆಯೆಂದು ಸಿಲ್ವರ್ ಓಕ್ ಹಾಕಲು ಹೋಗಬಾರದು.

ಹೊಸದು ಮಾಡುವುದೇ ಹಾಳು ಮಾಡುವುದು

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಈಗ ಬಂದೆವು. ನಮ್ಮ ಸದಸ್ಯರೊಬ್ಬರು ತಮ್ಮ ಅಜ್ಜನವರ ಕಾರನ್ನು ನಗರದ ಒಂದು ಗ್ಯಾರೇಜಿಗೆ ಕೊಟ್ಟರು. ಎರಡು ವರ್ಷಗಳ ಮೇಲೆ ಅದು ಕನ್ನಡಿಯಂತೆ ಹೊಳೆಯುತ್ತ ಮನೆಗೆ ಬಂತು. ಒಳಗೆ ನೋಡಿದರೆ ಮೂಲ ಇಂಜಿನಿನ ಜಾಗದಲ್ಲಿ ಈಚಿನ ಯಾವುದೋ ಇಂಜಿನು, ಡ್ಯಾಶ್‌ಬೋರ್ಡಿನಲ್ಲಿ ಹೊಸ ಮೀಟರುಗಳು. ಮೂಲ ಇಂಜಿನು ಎಲ್ಲಿ ಎಂದು ಕೇಳಿದ್ದಕ್ಕೆ ‘ಅದು ಉಪಯೋಗಕ್ಕೆ ಬಾರದು, ಗುಜರಿಗೆ ಹಾಕಿದೆವು’ ಎಂಬ ಉತ್ತರ ಬಂತು. ಅಜ್ಜನವರ ಕಾರು ಹೋಗಿ, ಅದರ ಅಂಗಿ ತೊಟ್ಟ ಇನ್ನೊಂದು ಕಾರು ಬಂದಂತಾಯಿತು.

ಇದು ಬರೀ ಭಾವನೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗ ಕಲ್ಪಿಸಿತು. ಈ ವರ್ಗಕ್ಕೆ ಸೇರಬೇಕಾದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈ, ಇಂಜಿನುಗಳಲ್ಲಿ ಮಾರ್ಪಾಡು ಆಗಿರಬಾರದು. ಹಳೆಯ ನೋಂದಣಿ ಇರುವ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಗಳ ಮೇಲೆ ಮರುನೋಂದಣಿಗೆ 5,000 ರೂಪಾಯಿ ಶುಲ್ಕವೆಂದು ನಿಗದಿಯಾಯಿತು. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಕ್ಕೆ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಅರ್ಜಿ ಹಾಕುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ಅಂದಿನ ಶುಲ್ಕವನ್ನು ವಿಚಾರಿಸಿಕೊಳ್ಳುವುದು ಒಳಿತು.

ಹಳೆಯ ಆರ್.ಸಿ. ಪುಸ್ತಕ, ಚಾಸಿಯ ಸಂಖ್ಯೆ, ಇಂಜಿನಿನ ಮೇಲಿನ ತಗಡಿನ ಸಂಖ್ಯೆ ಒಂದಕ್ಕೊಂದು ಹೊಂದಿದರೆ ಕಾರಿನ ಬೆಲೆಯೇ ಬೇರೆ. ದಲ್ಲಾಳಿಗೆ ಇದು ಚೆನ್ನಾಗಿ ಗೊತ್ತು. ತೂಕಕ್ಕೆ ಕೊಳ್ಳುವಾಗಲೂ ಆತ ‘ಹಳೇ ಬುಕ್ಕು ಇದ್ದರೆ ಕೊಟ್ಟುಬಿಡಿ’ ಎಂದು ಕೇಳುವುದನ್ನು ಮರೆಯುವುದಿಲ್ಲ. ಆದ್ದರಿಂದ ಹಿರಿಯರ ಟ್ರಂಕು, ಕಡತಗಳನ್ನು ಹುಡುಕಿ ಆ ಕಾಗದಗಳನ್ನು ಜಮೀನಿನ ಪತ್ರಗಳ ಜೊತೆಯಲ್ಲೇ ಇಡಬೇಕು.

ಹಣದ ಮಾತು

ಸಂಘದ ಕಾರ್ಯದರ್ಶಿಯಾಗಿ ಒಂದನ್ನು ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಬೆಳೆ ಸಾಲ ಬೆಳೆಗೇ. ಅದರ ಒಂದು ಪೈಸೆಯನ್ನೂ ಈ ಕೆಲಸಕ್ಕೆ ತಿರುಗಿಸಕೂಡದು. ಏರಿದ ಧಾರಣೆ ಇಳಿಯಲಾರದೆಂದು ನಂಬಿ ಯಾರೂ ಕೈಸಾಲ ಮಾಡಬಾರದು. 2001-02ರ ಸುಮಾರಿಗೆ ಕಾಫಿಯ ಧಾರಣೆ ಕುಸಿದಾಗ ಮನೆ ಮನೆಗಳ ಪಾಡು ಏನಾಗಿತ್ತೆಂದು ಐವತ್ತು ದಾಟಿದವರಿಗೆ ನೆನಪಿರುತ್ತದೆ. ಅಡಿಕೆಯವರಿಗೆ ಎಲೆಚುಕ್ಕಿ ರೋಗ ಈಗಲೂ ಪಾಠ ಹೇಳುತ್ತಲೇ ಇದೆ. ಹಳೆಯ ಕಾರಿಗೆ ಅವಸರವಿಲ್ಲ. ಒಣಗಿದ ಕೊಟ್ಟಿಗೆಯಲ್ಲಿ ಎತ್ತಿ ನಿಲ್ಲಿಸಿದರೆ ಅದು ಇನ್ನೂ ಹತ್ತು ವರ್ಷ ಕಾಯುತ್ತದೆ. ಬಸಿಗಾಲುವೆ, ಮರಗಸಿ, ಗೊಬ್ಬರಗಳು ಕಾಯುವುದಿಲ್ಲ. ತೋಟದ ಖರ್ಚು, ಮಕ್ಕಳ ವಿದ್ಯೆ, ಮನೆಯವರ ಆರೋಗ್ಯ ಇವುಗಳ ಬಾಬು ತೆಗೆದಿಟ್ಟು ಉಳಿದದ್ದರಲ್ಲಿ ಆದಷ್ಟು ಮಾಡಿದರೆ ಸಾಕು. ಉಳಿಯದ ವರ್ಷ ಕಾರಿಗೆ ರಜೆ.

‘ಇಷ್ಟೆಲ್ಲ ಮಾಡಿ ಲಾಭವೇನು?’ ಎಂದು ಕೇಳುವವರಿದ್ದಾರೆ. ಮಾರುವ ಲೆಕ್ಕದಲ್ಲಿ ಲಾಭವಿಲ್ಲವೆಂದೇ ಇಟ್ಟುಕೊಳ್ಳಿ. ನಮ್ಮ ಖರ್ಚಿನ ಪುಸ್ತಕ ನೋಡಿದರೆ ತರಿಸಿದ ಸಾಮಾನಿಗಿಂತ ಹೆಚ್ಚಿನ ಪಾಲು ನಮ್ಮ ಊರಿನ ಆಚಾರಿಗೂ, ಪೇಟೆಯ ಲೇತ್ ಮೇಸ್ತ್ರಿಗೂ, ತಗಡು ಬಡಿಯುವ ಟಿಂಕರಿನವರಿಗೂ ಹೋಗಿದೆ. ಸಿಗದ ಬುಶ್ಶನ್ನು ಲೇತಿನಲ್ಲಿ ಕಡೆದುಕೊಟ್ಟ ಆ ಮೇಸ್ತ್ರಿಗೆ ಎಪ್ಪತ್ತು ವಯಸ್ಸು. ಪಲ್ಪರಿನ ಶಾಫ್ಟು ಮುರಿದಾಗ, ಅಡಿಕೆ ಸುಲಿಯುವ ಯಂತ್ರದ ಗೇರು ಹೋದಾಗ ನಾವೆಲ್ಲ ಓಡುವುದು ಅವರ ಬಳಿಗೇ. ಅವರ ಕೈಕೆಳಗೆ ಕಲಿಯುವ ಹುಡುಗರಿಲ್ಲ. ಪಾರ್ಟು ಬದಲಿಸುವ ಕೆಲಸ ಸಿಗುವಾಗ ಪಾರ್ಟು ತಯಾರಿಸುವ ಕೆಲಸವನ್ನು ಯಾರು ಕಲಿಯುತ್ತಾರೆ? ಇಂಥ ಕಾರಿನ ಕೆಲಸ ಊರಿನಲ್ಲಿ ನಡೆದರೆ ಆ ಕೈಗಳಿಗೆ ನಾಲ್ಕು ದಿನದ ಸಂಬಳವೂ ಸಿಗುತ್ತದೆ, ನೋಡಿ ಕಲಿಯುವ ಹುಡುಗನೂ ಒಬ್ಬ ಸಿಗಬಹುದು. ಆ ವಿದ್ಯೆ ಹೋದ ಮೇಲೆ ಕಷ್ಟವಾಗುವುದು ಹಳೆಯ ಕಾರಿಗಲ್ಲ, ಕೊಯ್ಲಿನ ನಡುವೆ ಯಂತ್ರ ಕೆಟ್ಟ ಬೆಳೆಗಾರನಿಗೆ.

ಎಲ್ಲರ ಮನೆಯಲ್ಲೂ ಎಂ.ಜಿ. ಇರುವುದಿಲ್ಲ ಎಂಬುದು ನಮಗೆ ಗೊತ್ತು. ವಿಲ್ಲಿಸ್ ಜೀಪು, ಸ್ಟ್ಯಾಂಡರ್ಡ್ ಹೆರಾಲ್ಡ್, ಫಿಯಟ್, ಅಂಬಾಸಿಡರ್, ರಾಜದೂತ್ ಮೋಟಾರ್ ಸೈಕಲ್ ಇವಕ್ಕೂ ಇದೇ ಕ್ರಮ ಸಲ್ಲುತ್ತದೆ. ನಮ್ಮಿಂದ ಆಗದು ಎನ್ನಿಸಿದರೆ ಮಾರಿಬಿಡುವುದು ತಪ್ಪಲ್ಲ. ಆದರೆ ತೂಕಕ್ಕೆ ಬೇಡ, ಬಿಚ್ಚಿ ಬೇಡ. ಕಾಗದಪತ್ರ ಸಹಿತ, ಅದನ್ನು ಎತ್ತಿ ನಿಲ್ಲಿಸುವವರ ಕೈಗೇ ಕೊಡಿ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದ ಸದಸ್ಯರು, ಒಂದೊಂದು ಹಳೆಯ ವಾಹನದ ಮುಂದೆ ಮಕ್ಕಳು ಎಷ್ಟು ಹೊತ್ತು ನಿಲ್ಲುತ್ತಾರೆಂಬುದನ್ನು ಕಂಡಿರಬಹುದು.

ಕೊನೆಯದಾಗಿ ಒಂದು ಸಲಹೆ. ವಿಟ್‌ವರ್ತ್ ಪಾನಾಗಳ ಒಂದು ಸೆಟ್ಟು, ಇಂಜಿನು ಎತ್ತುವ ಒಂದು ಚೈನ್ ಪುಲ್ಲಿ, ಒಂದು ಜೊತೆ ಗಟ್ಟಿ ಸ್ಟ್ಯಾಂಡು ಇವನ್ನು ಪ್ರತಿಯೊಬ್ಬರೂ ಕೊಳ್ಳುವುದು ದುಂದು. ಆಸಕ್ತಿಯುಳ್ಳವರು ತಾವೇ ಚಂದಾ ಹಾಕಿ ಕೊಂಡರೆ, ಸಂಘದ ಗೋದಾಮಿನಲ್ಲಿ ಇಟ್ಟು ಸರದಿಯ ಮೇಲೆ ಎರವಲು ಕೊಡಲು ಆಡಳಿತ ಮಂಡಳಿಯ ಒಪ್ಪಿಗೆ ಕೇಳುತ್ತೇವೆ. ಸಂಘದ ನಿಧಿಯಿಂದ ಇದಕ್ಕೆ ಹಣ ತೆಗೆಯುವ ಪ್ರಶ್ನೆಯಿಲ್ಲ. ಅಂಥವರು ತಮ್ಮ ವಾಹನದ ಮಾದರಿ, ವರ್ಷ, ಕಾಗದಪತ್ರಗಳ ಸ್ಥಿತಿಯನ್ನು ಬರೆದು ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಅಷ್ಟರೊಳಗೆ ದಲ್ಲಾಳಿ ಅಂಗಳಕ್ಕೆ ಬಂದರೆ ಒಂದು ಲೋಟ ಕಾಫಿ ಕೊಟ್ಟು, ‘ಮುಂದಿನ ಮಳೆಗಾಲ ಕಳೆಯಲಿ, ನೋಡೋಣ’ ಎಂದು ಹೇಳಿ ಕಳಿಸಿ.